ರಿಜಿಸ್ಟರಿನಲ್ಲಿ ಮಗಳ ಹೆಸರು

ಚಾಮರಾಜನಗರದಲ್ಲಿ ನಾವು ಬಾಡಿಗೆಗೆ ಇದ್ದ ಬೀದಿಯ ಕೊನೆಗೆ ಒಂದು ಶಾಲೆಯಿತ್ತು. ಬೋರ್ಡಿನ ಮೇಲೆ ಅದಕ್ಕೆ ಉದ್ದನೆಯ ಹೆಸರು. ಬೀದಿಯವರು ಮಾತ್ರ ಹೆಂಚಿನ ಸ್ಕೂಲು ಎನ್ನುತ್ತಿದ್ದರು. ಅದು ಸರ್ಕಾರಿ ಶಾಲೆಯಲ್ಲ, ಹಾಗೆಂದು ಪೂರ್ತಿ ಖಾಸಗಿಯೂ ಅಲ್ಲ. ಕಟ್ಟಡ ಊರಿನ ಹಿರಿಯರ ಒಂದು ಸಂಘದ್ದು, ಪಾಠ ಹೇಳುವವರ ಸಂಬಳ ಸರ್ಕಾರದ್ದು. ಅನುದಾನಿತ ಶಾಲೆ ಎನ್ನುತ್ತಾರಲ್ಲ, ಅದು. ಇಂತಿಷ್ಟು ಮಕ್ಕಳು ಬೆಂಚಿನ ಮೇಲೆ ಕೂತಿರುವ ತನಕ ಅನುದಾನ. ಒಂದು ಮಗು ಕಡಿಮೆಯಾದರೂ ಸರ್ಕಾರ ಕೈ ಹಿಂದೆಗೆಯಬಹುದು.

ನಾನು ಮದುವೆಯಾಗಿ ಗುಂಡ್ಲುಪೇಟೆಯಿಂದ ಆ ಬೀದಿಗೆ ಬಂದಾಗ ಅಲ್ಲಿ ನಾಲ್ಕು ಜನ ಪಾಠ ಮಾಡುತ್ತಿದ್ದರು. ಒಬ್ಬೊಬ್ಬರೇ ನಿವೃತ್ತರಾದರು. ಹೋದವರ ಜಾಗಕ್ಕೆ ಸರ್ಕಾರ ಇನ್ನೊಬ್ಬರನ್ನು ಕೊಡಲಿಲ್ಲ. ಎರಡು ಸಾವಿರದ ಆರನೇ ಇಸವಿಯ ಜೂನಿನಲ್ಲಿ, ನನ್ನ ಮಗಳು ಒಂದನೇ ತರಗತಿಗೆ ಬರುವ ಹೊತ್ತಿಗೆ, ಉಳಿದಿದ್ದವರು ಒಬ್ಬರೇ. ಬೀದಿಗೆಲ್ಲ ಅವರು ಟೀಚರಮ್ಮ. ಕುದೇರಿನಿಂದ ಬೆಳಗಿನ ಬಸ್ಸಿಗೆ ಬಂದು, ಸೀರೆಯ ನೆರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಂಗಳ ಗುಡಿಸಿ, ಗಂಟೆ ಹೊಡೆದು, ನಾಲ್ಕು ತರಗತಿಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ನಾಲ್ಕು ಸಾಲು ಕೂರಿಸಿಕೊಂಡು ಪಾಠ ಹೇಳುತ್ತಿದ್ದರು. ಒಂದು ಸಾಲಿಗೆ ಮಗ್ಗಿ, ಇನ್ನೊಂದಕ್ಕೆ ಕಾಪಿ ಬರವಣಿಗೆ. ನಮ್ಮ ಅಡುಗೆಮನೆಯ ಕಿಟಕಿಯಿಂದ ಆ ಮಗ್ಗಿ ಕೇಳುತ್ತಿತ್ತು. ನಾನು ಸಾರಿಗೆ ಒಗ್ಗರಣೆ ಹಾಕುತ್ತ ಎಷ್ಟೋ ಸಲ ಮಕ್ಕಳ ಜೊತೆ ಹದಿಮೂರರ ಮಗ್ಗಿ ಹೇಳಿದ್ದಿದೆ.

ನಾನು ಓದಿದ್ದು ಕಾನ್ವೆಂಟಿನಲ್ಲಿ. ಕೇರಳದಿಂದ ಬಂದ ಸಿಸ್ಟರುಗಳು ಗುಂಡ್ಲುಪೇಟೆಯಲ್ಲಿ ನಡೆಸುತ್ತಿದ್ದದ್ದು. ಅವರ ಕನ್ನಡದಲ್ಲಿ ಮಲಯಾಳ ಇಣುಕುತ್ತಿತ್ತು, ಇಂಗ್ಲಿಷಿನಲ್ಲಿ ಮಾತ್ರ ಒಂದು ಅಕ್ಷರ ಆಚೀಚೆ ಆಗುತ್ತಿರಲಿಲ್ಲ. ಹತ್ತು ವರ್ಷ ಅವರ ಕೈಕೆಳಗೆ ಕಲಿತ ಇಂಗ್ಲಿಷು ಮದುವೆಯಾದ ಮೇಲೆ ನನಗೆ ಔಷಧದ ಬಾಟಲಿಯ ಮೇಲಿನ ಚೀಟಿ ಓದುವುದಕ್ಕೆ ಬಿಟ್ಟರೆ ಬೇರೆ ಯಾವುದಕ್ಕೂ ಒದಗಿರಲಿಲ್ಲ. ತೌರಿನಿಂದ ತಂದ ರೇಷ್ಮೆ ಸೀರೆಯನ್ನು ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕುವ ಹಾಗೆ, ಯಾರೂ ಇಲ್ಲದಾಗ ಒಂದೆರಡು ಸಾಲು ಗಟ್ಟಿಯಾಗಿ ಹೇಳಿಕೊಂಡು ನೋಡುತ್ತಿದ್ದೆ, ಹುಳ ಹಿಡಿದಿಲ್ಲ ತಾನೆ ಎಂದು. ಮಗಳು ಹುಟ್ಟಿದಾಗ ಅವಳಿಗೆ ಕೊಡಲು ನನ್ನದು ಅಂತ ಇದ್ದದ್ದು ಅದೊಂದೇ ಎಂದುಕೊಂಡಿದ್ದೆ.

ಹಾಗಾಗಿ ಅವಳನ್ನು ಹೊಸದಾಗಿ ತೆರೆದಿದ್ದ ಕಾನ್ವೆಂಟಿಗೆ ಹಾಕಿದೆವು. ಸಿಸ್ಟರುಗಳು ಇದ್ದರೂ ಇಲ್ಲದಿದ್ದರೂ ನಮ್ಮ ಕಡೆ ಇಂಗ್ಲಿಷ್ ಶಾಲೆಗೆಲ್ಲ ಕಾನ್ವೆಂಟು ಅಂತಲೇ ಹೆಸರು. ಇದು ಒಂದು ತಾರಸಿ ಮನೆಯ ಮಹಡಿಯಲ್ಲಿ ನಡೆಯುತ್ತಿತ್ತು. ಟೈ, ಬೆಲ್ಟು, ಬಿಳಿ ಸಾಕ್ಸು, ಕರೆದೊಯ್ಯಲು ಆಟೊ. ಅದಕ್ಕೆ ಅನುಮತಿ ಇದ್ದದ್ದು ಕನ್ನಡದಲ್ಲಿ ಕಲಿಸಲು, ಕಲಿಸುತ್ತಿದ್ದದ್ದು ಇಂಗ್ಲಿಷಿನಲ್ಲಿ. ಇಂಥ ಶಾಲೆಗಳ ಮಾನ್ಯತೆಯನ್ನು ಸರ್ಕಾರ ತೆಗೆದುಹಾಕುತ್ತದಂತೆ ಎಂಬ ಸುದ್ದಿ ಆ ವರ್ಷ ಎಲ್ಲ ಕಡೆ ಓಡಾಡುತ್ತಿತ್ತು. ಮಾನ್ಯತೆ ಹೋದರೆ ಅವರು ಕೊಡುವ ಟಿ.ಸಿ.ಯನ್ನು ಯಾರೂ ಮುಟ್ಟುವುದಿಲ್ಲ. ಫೀಸು ಕಟ್ಟಲು ಹೋದಾಗ ಅಲ್ಲಿನ ಆಫೀಸಿನವರೇ ನನ್ನ ಹತ್ತಿರ ತಗ್ಗಿದ ದನಿಯಲ್ಲಿ, ಯಾವುದಾದರೂ ಕನ್ನಡ ಶಾಲೆಯ ರಿಜಿಸ್ಟರಿನಲ್ಲೂ ಮಗುವಿನ ಹೆಸರು ಒಂದು ಇರಲಿ, ಮುಂದಕ್ಕೆ ಒಳ್ಳೆಯದು ಎಂದಿದ್ದರು.

ಅದಾಗಿ ಒಂದು ವಾರವೂ ಆಗಿರಲಿಲ್ಲ, ಟೀಚರಮ್ಮ ನಮ್ಮ ಮನೆಗೆ ಬಂದರು. ಪ್ರತಿ ಜೂನಿನಲ್ಲಿ ಅವರು ಮನೆ ಮನೆಗೆ ಮಕ್ಕಳನ್ನು ಕೇಳಿಕೊಂಡು ಹೋಗುವುದು ರೂಢಿ. ನಮ್ಮ ಮನೆಗೆ ಬಂದದ್ದು ಅದೇ ಮೊದಲು. ಕಂಕುಳಲ್ಲಿ ದಾಖಲಾತಿ ರಿಜಿಸ್ಟರು, ಅದಕ್ಕೆ ಹಳೆಯ ಕ್ಯಾಲೆಂಡರಿನ ಹಾಳೆಯ ಹೊದಿಕೆ. ಕಾಫಿ ಕುಡಿದು ಲೋಟವನ್ನು ತಾವೇ ತೊಳೆದಿಟ್ಟು ಬಂದು ಕೂತರು.

“ಒಂದು ಮಗು ಕಮ್ಮಿ ಅದೆ ಕಣಮ್ಮ,” ಎಂದರು. “ಒಂದೇ. ನಿಮ್ಮ ಮಗು ಎಲ್ಲಿ ಬೇಕಾದ್ರೂ ಓದ್ಲಿ, ನಾನು ಬೇಡ ಅನ್ನಲ್ಲ. ಹೆಸರೊಂದು ಕೊಡಿ. ಎಣಿಸೋರು ಬಂದಾಗ ಒಂದಿನ ಕಳಿಸಿದ್ರೆ ಆಯ್ತು.”

ಎಣಿಕೆ ಸರಿಹೋಗದಿದ್ದರೆ ಏನಾಗುತ್ತದೆ ಎಂಬುದನ್ನೂ ಹೇಳಿದರು. ಅವರ ಹುದ್ದೆ ಹೆಚ್ಚುವರಿ ಎಂದಾಗುತ್ತದೆ. ಅವರನ್ನು ಬೇರೆಲ್ಲಿಗೋ ಹಾಕುತ್ತಾರೆ. ಅವರು ಹೋದರೆ ಶಾಲೆಗೆ ಪಾಠ ಹೇಳುವವರೇ ಇಲ್ಲ, ಬಾಗಿಲು ಹಾಕಬೇಕು. ಸಂಘದವರು ಆ ಜಾಗದಲ್ಲಿ ಅಂಗಡಿ ಮಳಿಗೆ ಕಟ್ಟಿಸಲು ಆಗಲೇ ನಕ್ಷೆ ಬರೆಸಿದ್ದರು. ಮಕ್ಕಳು ರೈಲು ದಾರಿಯ ಆಚೆಗಿನ ಶಾಲೆಗೆ ಹೋಗಬೇಕು. ದೊಡ್ಡವರು ಹೋದಾರು, ಚಿಕ್ಕವು ಹೋಗುತ್ತವೆಯೇ?

ನಾನು ಸ್ವಲ್ಪ ಯೋಚಿಸುವ ಹಾಗೆ ಮಾಡಿ ಒಪ್ಪಿಕೊಂಡೆ. ಟೀಚರಮ್ಮನ ಕಣ್ಣು ತುಂಬಿ ಬಂತು. ನಿಮ್ಮಂಥವರು ಬೀದಿಗೊಬ್ಬರಿದ್ದರೆ ಸಾಕು ಎಂದರು. ನನಗೂ ಒಂದು ಕನ್ನಡ ಶಾಲೆಯ ರಿಜಿಸ್ಟರು ಬೇಕಾಗಿತ್ತು ಎಂದು ನಾನು ಹೇಳಲಿಲ್ಲ. ಉಪಕಾರ ಮಾಡಿದವಳ ಹಾಗೆ ಬಾಗಿಲ ತನಕ ಹೋಗಿ ಅವರನ್ನು ಕಳಿಸಿ ಬಂದೆ. ಅವರು ಹೆಸರು ಬರೆದುಕೊಂಡ ಅಕ್ಷರ ಎಷ್ಟು ದುಂಡಗಿತ್ತು ಎನ್ನುವುದು ಈಗಲೂ ಕಣ್ಣಿಗೆ ಕಟ್ಟಿದೆ.

ಎಣಿಸುವವರು ಬರುವ ಸುದ್ದಿ ಬಂದದ್ದು ಆಗಸ್ಟಿನಲ್ಲಿ. ಒಂದೇ ದಿನ ಕಳಿಸಿದರೆ ಮಗು ಬೆಪ್ಪಾಗಿ ಕೂರುತ್ತದೆ, ನಾಲ್ಕು ದಿನ ಮುಂಚೆ ಕಳಿಸಿ, ಅಕ್ಕಪಕ್ಕದ ಮಕ್ಕಳ ಗುರುತಾಗಲಿ ಎಂದು ಟೀಚರಮ್ಮ ಕೇಳಿಕೊಂಡರು. ನಾನು ಕಾನ್ವೆಂಟಿಗೆ ಮಗಳಿಗೆ ಜ್ವರ ಎಂದು ಚೀಟಿ ಬರೆದು ಕಳಿಸಿದೆ, ಇಂಗ್ಲಿಷಿನಲ್ಲಿ. ಹಳೆಯ ಬಟ್ಟೆ ಯಾವುದಾದರೂ ಆಗುತ್ತದೆ ಎಂದಿದ್ದರು ಟೀಚರಮ್ಮ. ಬೀರು ತೆಗೆದು ನೋಡಿದರೆ ಅವಳಲ್ಲಿ ಅಷ್ಟು ಹಳೆಯದು ಅನ್ನುವಂಥದ್ದು ಇರಲಿಲ್ಲ. ಒಂದು ನೀಲಿ ಫ್ರಾಕನ್ನು ಎರಡು ಸಲ ಒಗೆದು ಮಾಸಿದ ಹಾಗೆ ಮಾಡಿದೆ. ಅದರ ಕುತ್ತಿಗೆಗೂ ತೋಳಿಗೂ ಲೇಸು ಇತ್ತು. ಬ್ಲೇಡು ತೆಗೆದುಕೊಂಡು ಕೂತು ಹೊಲಿಗೆ ಬಿಚ್ಚಿ ಲೇಸು ಕಿತ್ತೆ. ಮಗಳು ಪಕ್ಕದಲ್ಲೇ ಕೂತು, ಬಿಚ್ಚಿದ ಲೇಸನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಯಾಕೆ ತೆಗೀತಿದ್ದೀಯಾ ಎಂದು ಕೇಳಿದಳು. ಅಲ್ಲಿ ಯಾರಿಗೂ ಲೇಸು ಇರುವುದಿಲ್ಲ ಎಂದೆ. ಅವಳಿಗೆ ಅಷ್ಟು ಸಾಕಾಯಿತು.

ಕಾನ್ವೆಂಟಿಗೆ ಹೋಗಲು ಶುರುಮಾಡಿದ ಮೇಲೆ ನನ್ನ ಮಗಳು ಮಾತು ಕಡಿಮೆ ಮಾಡಿದ್ದಳು. ಅಲ್ಲಿ ಬಚ್ಚಲಿಗೆ ಹೋಗುವುದನ್ನೂ ಇಂಗ್ಲಿಷಿನಲ್ಲೇ ಕೇಳಬೇಕು. ಕೇಳಲು ಬಾಯಿ ಬರದೆ ಎರಡು ಸಲ ಬೆಂಚಿನ ಮೇಲೇ ಆಗಿಹೋಗಿತ್ತು. ಒದ್ದೆ ಸಾಕ್ಸು ಪ್ಲಾಸ್ಟಿಕ್ ಕವರಿನಲ್ಲಿ ಮನೆಗೆ ಬಂದದ್ದನ್ನು ನೋಡಿ ನನಗೆ ಗೊತ್ತಾಯಿತೇ ಹೊರತು ಅವಳು ಹೇಳಲಿಲ್ಲ. ಆ ಸಾಲನ್ನು ಮನೆಯಲ್ಲಿ ನೂರು ಸಲ ಹೇಳಿಸಿದೆ. ನನ್ನೆದುರು ಹೇಳುತ್ತಿದ್ದಳು. ಅಲ್ಲಿ ಬರುತ್ತಿರಲಿಲ್ಲ.

ಹೆಂಚಿನ ಸ್ಕೂಲಿಗೆ ಹೋದ ಮೊದಲನೆಯ ದಿನ ಸಂಜೆ ಅವಳು ಬಾಗಿಲ ಹೊರಗಿನಿಂದಲೇ ಮಾತು ಶುರುಮಾಡಿ ಒಳಗೆ ಬಂದಳು. ಪಕ್ಕದಲ್ಲಿ ಕೂರುವ ಹುಡುಗಿಯ ತಾಯಿ ಅರಿಸಿನದ ಮಂಡಿಯಲ್ಲಿ ಕೆಲಸ ಮಾಡುತ್ತಾಳಂತೆ, ಆ ಹುಡುಗಿಯ ಅಂಗೈಯೂ ಹಳದಿಯಂತೆ. ಟೀಚರಮ್ಮ ಬೋರ್ಡಿನ ಹತ್ತಿರ ಕರೆದು ಇಂಗ್ಲಿಷಿನ ಅಕ್ಷರ ಬರೆಸಿದರಂತೆ, ನಾಲ್ಕನೆಯ ತರಗತಿಯವರೂ ಅದನ್ನು ನೋಡಿ ಬರೆದುಕೊಂಡರಂತೆ. ಅಷ್ಟು ಹೇಳಿ, ನೀರು ಕುಡಿದು, ಮತ್ತೆ ಮೊದಲಿನಿಂದ ಹೇಳಿದಳು.

ಎರಡನೆಯ ದಿನ ಮಧ್ಯಾಹ್ನ ನಾನೇ ಹೋಗಿ ಇಣುಕಿದೆ. ಜಗುಲಿಯ ಮೇಲೆ ಮಕ್ಕಳು ಸಾಲಾಗಿ ಬಿಸಿಯೂಟಕ್ಕೆ ಕೂತಿದ್ದವು. ಮನೆಯಲ್ಲಿ ಸೊಪ್ಪು ಕಂಡರೆ ತಟ್ಟೆ ತಳ್ಳುವ ನನ್ನ ಮಗಳು ನುಗ್ಗೆ ಸೊಪ್ಪಿನ ಸಾರು ಅನ್ನ ಕಲಸಿಕೊಂಡು ತಲೆಯೆತ್ತದೆ ತಿನ್ನುತ್ತಿದ್ದಳು. ಅಡುಗೆ ಮಾಡುವ ಹೆಂಗಸು ಸೌಟು ಹಿಡಿದುಕೊಂಡೇ ನನ್ನ ಹತ್ತಿರ ಬಂದರು.

“ನಿಮ್ ಕೂಸು ಎರ್ಡು ಕಿತ ಆಕುಸ್ಕಂಡು ಉಣ್ತು ಕಣವ್ವ. ಉಣ್ಣಲ್ಲ ಅಂತ ಟೀಚರಮ್ಮನ್ ತಾವ ಯೋಳಿದ್ರಂತಲ್ಲ. ನಿಮ್ಮಟ್ಟಿ ಅಡ್ಗೇಲೇ ಏನೋ ಕಮ್ಮಿ ಅದೆ, ನೋಡ್ಕಳಿ.”

ಮಕ್ಕಳೆಲ್ಲ ನಕ್ಕವು. ನನ್ನ ಮಗಳೂ ನಕ್ಕಳು. ನಾನೂ ನಕ್ಕೆ. ಆದರೆ ಹಳದಿ ಅಂಗೈಯ ಹುಡುಗಿ ತನ್ನ ತಟ್ಟೆಯಿಂದ ಒಂದು ತುತ್ತನ್ನು ನನ್ನ ಮಗಳ ತಟ್ಟೆಗೆ ಹಾಕಿದ್ದನ್ನೂ ಇವಳು ಅದನ್ನು ತಿಂದದ್ದನ್ನೂ ನಾನು ನೋಡಿದೆ. ಮನೆಗೆ ಬಂದ ಮೇಲೂ ಅದೇ ಕಣ್ಣ ಮುಂದೆ. ಅಂದು ಸಂಜೆ ಪೇಪರು ಹಾಸಿ, ಮಗಳನ್ನು ಮುಂದೆ ಕೂರಿಸಿಕೊಂಡು, ಸಣ್ಣ ಹಲ್ಲಿನ ಬಾಚಣಿಗೆಯಿಂದ ತಲೆ ಬಾಚಿದೆ. ಒಂದು ಹೇನೂ ಬೀಳಲಿಲ್ಲ. ಮರುದಿನವೂ ಬಾಚಿದೆ. ಅವಳನ್ನು ಕಾನ್ವೆಂಟಿನಲ್ಲೇ ಉಳಿಸಿದ್ದು ಇಂಗ್ಲಿಷಿಗೋಸ್ಕರ ಎಂದು ಆಮೇಲೆ ಎಲ್ಲರಿಗೂ ಹೇಳಿದೆ. ನನಗೆ ನಾನೂ ಹಾಗೇ ಹೇಳಿಕೊಂಡೆ. ಇಂಗ್ಲಿಷಿಗೋಸ್ಕರವೇ ಆಗಿದ್ದರೆ ಆ ಪೇಪರನ್ನು ಯಾಕೆ ಹಾಸಿದೆ?

ಮೂರನೆಯ ದಿನ ಅವಳು ನನ್ನನ್ನು ‘ಅವ್ವ’ ಎಂದು ಕರೆದಳು. ಅಲ್ಲಿಯ ತನಕ ನಾನು ಮಮ್ಮಿ. ನನ್ನ ಗಂಡನಿಗೆ ಅದು ಕೇಳಿ ಬಹಳ ಖುಷಿಯಾಯಿತು. ಅವರು ಉಡಿಗಾಲದವರು, ಅಲ್ಲಿ ಅವರ ತಾಯಿಯನ್ನು ಮನೆಯವರೆಲ್ಲ ಕರೆಯುವುದು ಹಾಗೆಯೇ. ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತ, “ಓದ್ಲಿ ಬಿಡೇ ಅಲ್ಲೇ,” ಎಂದರು. “ನಾನು ಓದಿದ್ದು ಯಾವ ಕಾನ್ವೆಂಟು? ಇಂಗ್ಲಿಷಿಗೆ ಮನೇಲಿ ನೀನಿದ್ದೀಯಲ್ಲ, ಸಂಬಳ ಇಲ್ದೆ.”

ತಮಾಷೆಗೆ ಅಂದರೋ ನಿಜವಾಗಿ ಅಂದರೋ ಎಂದು ಅವರ ಮುಖ ನೋಡಿದೆ. ನಿಜವಾಗಿಯೇ ಅಂದಿದ್ದರು.

ನಾಲ್ಕನೆಯ ದಿನ ಶಿಕ್ಷಣ ಇಲಾಖೆಯ ಅಧಿಕಾರಿ ಬಂದು ಮಕ್ಕಳನ್ನು ಎಣಿಸಿ ಹೋದರು. ನಾನು ಅಲ್ಲಿರಲಿಲ್ಲ. ನಡೆದದ್ದನ್ನು ಟೀಚರಮ್ಮ ಮಾರನೆಯ ದಿನ, ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ, ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು ಹೇಳಿದರು. ಒಳಗೆ ಬನ್ನಿ ಎಂದರೂ ಬರಲಿಲ್ಲ. ನಾನು ಮೊರದಲ್ಲಿ ಹುರುಳಿ ಕಾಳು ಆರಿಸುತ್ತಿದ್ದೆ. ಅವರೂ ಕೈ ಹಾಕಿ ಆರಿಸತೊಡಗಿದರು.

ಎಣಿಕೆ ಸರಿಬಂತು. ಅಧಿಕಾರಿ ನನ್ನ ಮಗಳನ್ನು ಎಬ್ಬಿಸಿ ಹೆಸರು ಕೇಳಿದರು, ಪದ್ಯ ಹೇಳಿಸಿದರು. ಎಲ್ಲ ಹೇಳಿದಳು, ತಡವರಿಸಲಿಲ್ಲ. ಆಮೇಲೆ ಅವರು ಅವಳ ಕಾಲು ನೋಡಿದರು. ದಿನವೂ ಸಾಕ್ಸು ಹಾಕುವ ಮಗುವಿಗೆ ಕಣಕಾಲಿನ ಮೇಲೆ ಒಂದು ಗೆರೆ ಬೀಳುತ್ತದಲ್ಲ, ಅದರ ಕೆಳಗೆ ಬೆಳ್ಳಗೆ, ಮೇಲೆ ಬಿಸಿಲಿಗೆ ಕಂದಿದ ಬಣ್ಣ. ಲೇಸಿನ ಒಂದೊಂದು ಎಳೆಯನ್ನೂ ಕಿತ್ತಿದ್ದ ನಾನು ಅದನ್ನು ನೋಡಿರಲೇ ಇಲ್ಲ.

“ಕೆಟ್ಟೋರಲ್ಲ ಕಣಮ್ಮ ಅವ್ರು,” ಎಂದರು ಟೀಚರಮ್ಮ. “ಎಲ್ಲಾನೂ ಎಣಿಸ್ಕೊಂಡ್ರು, ನಿಮ್ಮ ಮಗೂನೂ ಸೇರಿಸ್ಕೊಂಡೇ ಬರ್ಕೊಂಡ್ರು. ಆಚೆಗೆ ಕರೆದು, ಮೇಡಂ, ಈ ಮಗು ಶೂ ಹಾಕೋ ಸ್ಕೂಲಿಂದು, ನಂಗೆ ಗೊತ್ತಾಯ್ತು, ದಸರಾದೊಳಗೆ ಹೇಳ್ದೆ ಕೇಳ್ದೆ ಇನ್ನೊಂದ್ಸಲ ಬರ್ತೀನಿ, ಅವತ್ತೂ ಮಗು ಇಲ್ಲೇ ಕೂತಿದ್ರೆ ನಾನೇನೂ ಬರಿಯಲ್ಲ ಅಂದ್ರು.”

ಸ್ವಲ್ಪ ಹೊತ್ತು ಕಾಳು ಆರಿಸಿದರು. ಒಂದು ಕಲ್ಲು ಸಿಕ್ಕಿತು, ಅದನ್ನು ಬೀದಿಗೆ ಎಸೆಯದೆ ಸೆರಗಿನ ತುದಿಯಲ್ಲಿ ಇಟ್ಟುಕೊಂಡರು. ಆಮೇಲೆ ಕೇಳಿದರು.

“ಒಂದು ವರ್ಷ ಕಳಿಸ್ಕೊಡಿ. ಮಗೀಗೂ ಮನಸ್ಸದೆ. ಇಂಗ್ಲಿಷು ನೀವೇ ಹೇಳ್ಕೊಡ್ಬೋದು, ನಿಮ್ಮಷ್ಟು ಬಲ್ಲೋರು ಆ ಕಾನ್ವೆಂಟಲ್ಲೂ ಇಲ್ಲ. ಮುಂದಿನ ವರ್ಷ ಹೆಂಗೋ ಮಾಡಿ ಇನ್ನೊಂದು ಮಗು ತತ್ತೀನಿ. ಇದೊಂದು ವರ್ಷ.”

ಅವರು ಹೇಳಿದ್ದರಲ್ಲಿ ತಪ್ಪು ಒಂದೂ ಇರಲಿಲ್ಲ. ನನಗೆ ಬೇಡ ಎನ್ನಲು ಒಂದು ಕಾರಣವೂ ಸಿಗಲಿಲ್ಲ. ಮೊರದ ಅಂಚನ್ನು ಹಿಡಿದುಕೊಂಡು, ತಲೆ ತಗ್ಗಿಸಿ, “ಅವರಪ್ಪ ಒಪ್ಪಲ್ಲ ಟೀಚರ್,” ಎಂದುಬಿಟ್ಟೆ.

ಎಷ್ಟು ಸುಲಭವಾಗಿ ಬಂತು. ಸುಳ್ಳು ಹೇಳಿದಾಗ ಎದೆ ಹೊಡೆದುಕೊಳ್ಳುತ್ತದೆ ಎಂದು ಸಿಸ್ಟರುಗಳು ಹೇಳುತ್ತಿದ್ದರು. ಹಾಗೇನೂ ಆಗಲಿಲ್ಲ. ಬೀದಿಯಲ್ಲಿ ಹೆಂಗಸರು ದಿನಕ್ಕೆ ಹತ್ತು ಸಲ ಆಡುವ ಮಾತು ಅದು. ಸೀರೆ ಮಾರುವವನಿಗೂ ಚೀಟಿಗೆ ಸೇರಿ ಎಂದು ಬಂದವರಿಗೂ ಅದನ್ನೇ ಹೇಳಿ ಕಳಿಸುತ್ತೇವೆ. ಟೀಚರಮ್ಮ ತಲೆಯಾಡಿಸಿದರು. ಗಂಡಸರ ಮಾತು ಬಂದರೆ ಮುಂದೆ ಏನು ಹೇಳುವುದು ಎನ್ನುವ ಹಾಗೆ ಎದ್ದರು.

ಆದರೆ ಅವರು ಸುಮ್ಮನಿರಲಿಲ್ಲ. ಸೋಮವಾರ ಬೆಳಗ್ಗೆ ನನ್ನ ಗಂಡ ಕಚೇರಿಗೆ ಹೊರಡಲು ಸ್ಕೂಟರು ತೆಗೆಯುವಾಗ ಗೇಟಿನ ಹತ್ತಿರ ಬಂದು ನಿಂತರು. ನಾನು ಅಡುಗೆಮನೆಯ ಕಿಟಕಿಯಲ್ಲಿದ್ದೆ. ಒಂದು ವರ್ಷದ ಮಟ್ಟಿಗೆ ಮನಸ್ಸು ಮಾಡಿ ಸಾರ್, ನೀವು ಒಪ್ಪಲ್ಲ ಅಂತ ಅಮ್ಮಾವ್ರು ಹೇಳಿದ್ರು, ಅದ್ಕೇ ನಾನೇ ಕೇಳನ ಅಂತ ಬಂದೆ ಎಂದು ಅವರು ಹೇಳುತ್ತಿದ್ದದ್ದು ಒಂದೊಂದು ಮಾತೂ ಕೇಳಿಸಿತು. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು, ನಾನು ಒಲೆ ಆರಿಸಲಿಲ್ಲ.

ನನ್ನ ಗಂಡ ಕಿಟಕಿಯ ಕಡೆ ಒಂದು ಸಲ ನೋಡಿದರು. ಆಮೇಲೆ ಆಗಲೇ ಒರೆಸಿದ್ದ ಸ್ಕೂಟರಿನ ಸೀಟನ್ನು ಇನ್ನೊಂದು ಸಲ ಒರೆಸಿದರು.

“ಹೌದು ಟೀಚರ್. ನಂಗೇ ಮನಸ್ಸಿಲ್ಲ,” ಎಂದರು. “ತಪ್ಪು ತಿಳ್ಕೊಬೇಡಿ.”

ಸಂಜೆ ಅವರು ಎಂದಿನ ಹಾಗೆ ಬಂದರು. ಕಾಫಿ ಕುಡಿದರು, ಪೇಪರು ಓದಿದರು. ಬೈದಿದ್ದರೆ ನಾನು ಅಳಬಹುದಿತ್ತು, ಅತ್ತಿದ್ದರೆ ಮನಸ್ಸು ಬದಲಾಗುತ್ತಿತ್ತೋ ಏನೋ. ಅಂದಿನಿಂದ ಅವರು ಕಚೇರಿಗೆ ಹೆಂಚಿನ ಸ್ಕೂಲಿನ ಮುಂದಿನ ದಾರಿ ಬಿಟ್ಟು, ಬೀದಿಯ ಈ ತುದಿಯಿಂದ ಸುತ್ತು ಹಾಕಿಕೊಂಡು ಹೋಗಲು ಶುರುಮಾಡಿದರು.

ಮಗಳಿಗೆ ಮತ್ತೆ ಟೈ ಕಟ್ಟಿ ಸಾಕ್ಸು ಹಾಕಿದೆ. ಆಟೊ ಬಂತು. ಅವಳು ಹತ್ತದೆ ಬೀದಿಯ ಕೊನೆಯ ಕಡೆ ನೋಡುತ್ತ ನಿಂತಳು.

“ಇವತ್ತು ಎಣಿಸಲ್ವಾ ಮಮ್ಮಿ?”

ಇಲ್ಲ ಪುಟ್ಟಿ, ಇವತ್ತು ಎಣಿಸಲ್ಲ ಎಂದೆ. ಮಾರನೆಯ ದಿನವೂ ಕೇಳಿದಳು. ಹೀಗೆ ಒಂದು ವಾರ ಆಟೊ ಹತ್ತುವ ಮುಂಚೆ ಅದನ್ನೇ ಕೇಳುತ್ತಿದ್ದಳು, ಹಟವಿಲ್ಲದೆ, ಇವತ್ತು ಏನು ತಿಂಡಿ ಎಂದು ಕೇಳುವ ದನಿಯಲ್ಲಿ. ಎಂಟನೆಯ ದಿನ ಕೇಳಲಿಲ್ಲ. ಮತ್ತೆ ಅವ್ವ ಎಂದು ಕರೆಯಲೂ ಇಲ್ಲ.

ಅಧಿಕಾರಿ ಹೇಳಿದ ಹಾಗೆ ದಸರಾಕ್ಕೆ ಮುಂಚೆ ಬಂದರು. ಒಂದು ಮಗು ಕಡಿಮೆಯಿತ್ತು. ಅವರು ಎಲ್ಲಿ ಎಂದು ಕೇಳಲೂ ಇಲ್ಲವಂತೆ. ಇದ್ದಷ್ಟು ಬರೆದುಕೊಂಡು, ನೀರು ಕೇಳಿ ಕುಡಿದು ಹೋದರಂತೆ. ಆದೇಶ ಬಂದದ್ದು ಸಂಕ್ರಾಂತಿಯ ಹೊತ್ತಿಗೆ. ಆ ಸಾಲಿನ ಪರೀಕ್ಷೆ ಮುಗಿಯುವ ತನಕ ನಡೆಸಿ, ಆಮೇಲೆ ಮಕ್ಕಳನ್ನು ಬೇರೆ ಶಾಲೆಗೆ ಕಳಿಸಿ, ಟೀಚರಮ್ಮ ಗುಂಡ್ಲುಪೇಟೆ ತಾಲ್ಲೂಕಿನ ಒಂದು ಹಳ್ಳಿಯ ಅನುದಾನಿತ ಶಾಲೆಗೆ ಹೋಗಬೇಕು ಎಂದು ಅದರಲ್ಲಿತ್ತು. ಹಾಲು ತರಲು ಹೋದಾಗ ಅಡುಗೆಯ ಹೆಂಗಸು ಸಿಕ್ಕಿ ಇದನ್ನೆಲ್ಲ ಹೇಳಿದರು. ನನ್ನ ಮೇಲೆ ಅವರಿಗೆ ಕೋಪವಿರಲಿಲ್ಲ. ನನ್ನ ಗಂಡನ ಮೇಲಿತ್ತು.

“ಯೆಂಗವ್ರೋ ನಿಮ್ ಯಜಮಾನ್ರು. ನಾಕ್ ತಿಂಗ್ಳು ಒಂದ್ ಕೂಸು ಕಳ್ಸಿದ್ರೆ ಅವ್ರ ಗಂಟೇನ್ ಓಗದು? ನೀವಾರ ಒಸಿ ಯೋಳ್ಬಾರ್ದಾಗಿತ್ತಾ?”

ನಾನು ಹಾಲಿನ ಪಾತ್ರೆಯ ಮುಚ್ಚಳವನ್ನು ಸರಿಮಾಡಿಕೊಂಡು ಮನೆಗೆ ಬಂದೆ.

ಏಪ್ರಿಲಿನಲ್ಲಿ ಒಂದು ದಿನ ಟೀಚರಮ್ಮ ಮಕ್ಕಳ ಟಿ.ಸಿ.ಗಳನ್ನೆಲ್ಲ ಕಟ್ಟಿಕೊಂಡು ಮನೆ ಮನೆಗೆ ಹೊರಟರು. ಜೂನಿನಲ್ಲಿ ಹೆಸರು ಕೇಳಿಕೊಂಡು ಬಂದ ಹಾಗೆಯೇ, ಅದೇ ಮನೆಗಳಿಗೆ. ನಮ್ಮ ಮನೆಗೆ ಬಂದದ್ದು ಭಾನುವಾರ ಬೆಳಗ್ಗೆ. ನನ್ನ ಮಗಳ ಹೆಸರು ರಿಜಿಸ್ಟರಿನಲ್ಲಿ ಇದ್ದೇ ಇತ್ತು, ಯಾರೂ ಹೊಡೆದುಹಾಕಿರಲಿಲ್ಲ. ಹಾಗಾಗಿ ಅವಳಿಗೂ ಒಂದು. ಅದೇ ದುಂಡಗಿನ ಅಕ್ಷರ. ನಡತೆ: ಉತ್ತಮ. ನಾಲ್ಕು ದಿನ ಬಂದ ಮಗುವಿಗೆ.

ಮಿಕ್ಕ ಟಿ.ಸಿ.ಗಳು ಅವರ ಮಡಿಲಲ್ಲಿದ್ದವು. ಮೇಲಿದ್ದುದರಲ್ಲಿ, ಶಾಲೆ ಬಿಡಲು ಕಾರಣ ಎನ್ನುವ ಕಡೆ, ‘ಶಾಲೆ ಮುಚ್ಚಿದ್ದರಿಂದ’ ಎಂದಿತ್ತು. ಅದರ ಕೆಳಗಿನದರಲ್ಲೂ ಹಾಗೆಯೇ. ನನ್ನ ಮಗಳದ್ದರಲ್ಲಿ ಮಾತ್ರ ‘ತಂದೆಯವರ ಇಚ್ಛೆಯಂತೆ’ ಎಂದು ಬರೆದಿದ್ದರು. ಚುಚ್ಚಲು ಬರೆದದ್ದಲ್ಲ. ಅವರು ಕೇಳಿದ್ದು ಅದು, ಅವರ ಮಟ್ಟಿಗೆ ನಿಜ ಅದು, ನಿಜವನ್ನೇ ಬರೆದಿದ್ದರು. ಇನ್ನೊಂದು ಹಾಳೆಯಲ್ಲಿ, ಪಡೆದಿದ್ದೇನೆ ಎಂದು ಪೋಷಕರ ಸಹಿ ಬೇಕಿತ್ತು. ನಾನು ಕೈ ಚಾಚಿದೆ. ಅವರು, ಸಾರ್ ಇದ್ದಾರಲ್ಲ, ಅವರೇ ಹಾಕಲಿ ಎಂದರು.

ನನ್ನ ಗಂಡ ಕನ್ನಡಕ ಹಾಕಿಕೊಂಡು ಟಿ.ಸಿ.ಯನ್ನು ಮೇಲಿನಿಂದ ಕೆಳಗಿನ ತನಕ ನಿಧಾನವಾಗಿ ಓದಿದರು. ಕಾರಣದ ಸಾಲಿನಲ್ಲಿ ಅವರ ಕಣ್ಣು ನಿಂತದ್ದು ನನಗೆ ಕಂಡಿತು. ಪೆನ್ನಿನ ಮುಚ್ಚಳ ತೆಗೆದು ಸಹಿ ಹಾಕಿ, ಎರಡೂ ಕೈಯಲ್ಲಿ ಹಾಳೆಯನ್ನು ಟೀಚರಮ್ಮನಿಗೆ ಕೊಟ್ಟರು.

ಆ ಟಿ.ಸಿ. ನಮಗೆ ಉಪಯೋಗಕ್ಕೆ ಬಂತು. ಮಹಡಿಯ ಮೇಲಿನ ಕಾನ್ವೆಂಟಿನ ಮಾನ್ಯತೆಯ ಗಲಾಟೆ ಮುಗಿಯದೆ, ಮಗಳನ್ನು ಬೇರೊಂದು ದೊಡ್ಡ ಇಂಗ್ಲಿಷ್ ಶಾಲೆಗೆ ಸೇರಿಸಲು ಹೋದಾಗ ಅವರು ಕೇಳಿದ್ದು ಸರ್ಕಾರ ಒಪ್ಪಿದ ಶಾಲೆಯ ಟಿ.ಸಿ.ಯನ್ನು. ಬ್ಯಾಗಿನಿಂದ ತೆಗೆದುಕೊಟ್ಟೆ. ಅವರು ಅದನ್ನು ತಿರುಗಿಸಿ ನೋಡಿ, ಸರಿಯಾಗಿದೆ ಎಂದರು.

ಹಳದಿ ಅಂಗೈಯ ಹುಡುಗಿಯನ್ನು ಆ ಜೂನಿನಲ್ಲಿ ಒಂದು ದಿನ ಮಂಡಿಯ ಮುಂದೆ ನೋಡಿದೆ. ತಾಯಿಯ ಪಕ್ಕದಲ್ಲಿ ಕೂತು ಬಿದ್ದ ಅರಿಸಿನದ ಚೂರು ಆಯ್ದು ತಗಡಿನ ಡಬ್ಬಕ್ಕೆ ಹಾಕುತ್ತಿದ್ದಳು. ಅದು ಶಾಲೆಯ ಹೊತ್ತು. ರೈಲು ದಾರಿ ದಾಟಿಸುವವರು ಯಾರೂ ಇಲ್ಲ ಎಂದು ತಾಯಿ ಹೇಳಿದಳು. ಮುಂದಿನ ವರ್ಷ ಹೋಗುತ್ತಾಳೆ ಎಂದೂ ಹೇಳಿದಳು.

ಎರಡು ವರ್ಷ ಕಳೆದ ಮೇಲೆ, ತೌರಿಗೆ ಹೊರಟಿದ್ದಾಗ, ಗುಂಡ್ಲುಪೇಟೆಯ ಬಸ್ಸಿನಲ್ಲಿ ಟೀಚರಮ್ಮ ಸಿಕ್ಕರು. ಕುದೇರಿನಿಂದ ಒಂದು ಬಸ್ಸು, ಚಾಮರಾಜನಗರದಿಂದ ಇನ್ನೊಂದು, ಇಳಿದ ಮೇಲೆ ಅಷ್ಟು ದೂರ ನಡಿಗೆ. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಕಂಡು ಕಿಟಕಿಯ ಕಡೆ ಸರಿದು ಜಾಗ ಮಾಡಿಕೊಟ್ಟರು. ಮಗು ಹೆಂಗದೆ ಎಂದು ಕೇಳಿದರು. ನಾಲ್ಕನೇ ಕ್ಲಾಸು, ಇಂಗ್ಲಿಷು ಚೆನ್ನಾಗಿ ಓದುತ್ತಾಳೆ ಎಂದೆ. ಮಾತು ಕಡಿಮೆ ಎಂದು ಹೇಳಲಿಲ್ಲ.

ಅವರು ಬ್ಯಾಗಿನಿಂದ ಒಂದು ಪುಸ್ತಕ ತೆಗೆದರು. ಹೆಂಚಿನ ಸ್ಕೂಲು ಮುಚ್ಚಿದ ವರ್ಷವೇ ಕನ್ನಡ ಶಾಲೆಗಳಲ್ಲೂ ಒಂದನೇ ತರಗತಿಯಿಂದ ಇಂಗ್ಲಿಷು ಬಂದಿತ್ತು. ಒಂದೇ ಒಂದು ವರ್ಷ ತಡೆದಿದ್ದರೆ ಎಂಬುದನ್ನು ಅವರೂ ಆಡಲಿಲ್ಲ, ನಾನೂ ಆಡಲಿಲ್ಲ. ಪುಸ್ತಕದ ಚಿತ್ರಗಳ ಕೆಳಗಿನ ಮಾತುಗಳಿಗೆ ಪೆನ್ಸಿಲಿನಲ್ಲಿ ಕನ್ನಡದಲ್ಲಿ ಉಚ್ಚಾರಣೆ ಬರೆದುಕೊಂಡಿದ್ದರು. ಇದು ಸರಿಯಾ ನೋಡಿ ಎಂದು ಒಂದೊಂದನ್ನೇ ತೋರಿಸಿದರು. ನಾನು ಹೇಳಿದೆ. ಅವರು ಪಕ್ಕದವರಿಗೆ ಕೇಳದ ಹಾಗೆ, ತುಟಿಯಲ್ಲೇ ಎರಡೆರಡು ಸಲ ಹೇಳಿಕೊಂಡು, ತಪ್ಪಿದ್ದನ್ನು ರಬ್ಬರಿನಿಂದ ಅಳಿಸಿ ತಿದ್ದಿದರು. ತೆರಕಣಾಂಬಿ ಬರುವ ತನಕ ಹೀಗೆಯೇ. ಬೆಟ್ಟದ ಸಾಲು ಕಾಣತೊಡಗಿದಾಗ ಪುಸ್ತಕ ಒಳಗಿಟ್ಟು ಎದ್ದರು. ಕಂಬಿ ಹಿಡಿದು ನಿಂತು, ನನ್ನ ಭುಜದ ಮೇಲೆ ಕೈಯಿಟ್ಟರು.

“ನಿಮ್ಮ ಯಜಮಾನ್ರಿಗೆ ಹೇಳಿ. ನಂಗೇನೂ ಬೇಜಾರಿಲ್ಲ ಅಂತ ಹೇಳಿ. ಮಗೀಗೆ ಒಳ್ಳೇದಾಗ್ಲಿ ಅಂತ್ಲೇ ಅಲ್ವ ಅವ್ರು ಅಂಗಂದಿದ್ದು.”

ಹೇಳ್ತೀನಿ ಟೀಚರ್ ಎಂದೆ.

ಅವರು ಇಳಿದು, ಸೆರಗು ತಲೆಯ ಮೇಲೆ ಎಳೆದುಕೊಂಡು, ಮಣ್ಣು ದಾರಿ ಹಿಡಿದರು. ಆ ಮಾತನ್ನು ನಾನು ಮನೆಯಲ್ಲಿ ಹೇಳಲಿಲ್ಲ. ಹೇಳಬೇಕಾದರೆ ಅದು ನಮ್ಮಿಬ್ಬರಲ್ಲಿ ಯಾರಿಗೆ ಸೇರಬೇಕಾದ ಮಾತು ಎನ್ನುವುದನ್ನು ಮೊದಲು ಬಾಯಿಬಿಟ್ಟು ಆಡಬೇಕಾಗುತ್ತಿತ್ತು. ನನ್ನ ಗಂಡ ಅದನ್ನು ಆಡುವವರಲ್ಲ. ನಾನು ಆಡಲಿಲ್ಲ.